ಮೂರಕ್ಕೂ ನಾಲ್ಕಕ್ಕೂ ನಡುವೆ

ಫೋರ್ಟಿನ ಹಳೆಯ ಕಟ್ಟಡ, ಆರು ಮಹಡಿ.
ಮರದ ಸ್ಟೂಲು, ಹಿತ್ತಾಳೆಯ ಹಿಡಿ, ಮಡಚುವ ಕಬ್ಬಿಣದ ಜಾಲರಿ.
ಇಪ್ಪತ್ತಾರು ವರ್ಷದಿಂದ ನಾನು
ದಿನಕ್ಕೆ ನೂರು ಸಲ ಏರುತ್ತೇನೆ,
ನೂರು ಸಲ ಇಳಿಯುತ್ತೇನೆ,
ಎಲ್ಲಿಗೂ ಹೋಗುವುದಿಲ್ಲ.

ಸ್ಟೂಲಿನ ಕೆಳಗೆ ಊಟದ ಡಬ್ಬಿ, ಅದರ ಮೇಲೆ ವೇದ.
ಅಪ್ಪನದು. ಹುಮನಾಬಾದಿನಿಂದ
ಜೋಳದ ಹಿಟ್ಟಿನ ಚೀಲದೊಳಗೆ ಬಂದದ್ದು.
ಈಗಲೂ ಕೆಲವು ಹಾಳೆ ಬಿಡಿಸಿದರೆ
ಬೆರಳಿಗೆ ಹಿಟ್ಟು ಹತ್ತಿತೇನೋ ಅನಿಸುತ್ತದೆ.

ನೆಲದಿಂದ ಎರಡಕ್ಕೆ ಒಂದು ವಚನ.
ಆರಕ್ಕೆ ಹೋಗುವವರಿದ್ದರೆ ಮೂರು.
ಎಷ್ಟೋ ವಾಕ್ಯಗಳನ್ನು ನಾನು ಅರ್ಧಕ್ಕೇ ಬಲ್ಲೆ:
ಸರಿಯಾಗಿ ‘ಆದರೆ’ ಎಂಬಲ್ಲಿ ಗಂಟೆ ಹೊಡೆಯುತ್ತದೆ,
ವಕೀಲರ ಗುಮಾಸ್ತ ಫೈಲು ಹೊತ್ತು ಒಳಬರುತ್ತಾನೆ,
ಆ ‘ಆದರೆ’ ದಿನವಿಡೀ ಬಾಯಲ್ಲಿ
ಲವಂಗದ ಹಾಗೆ.

ವರ್ಷಕ್ಕೊಮ್ಮೆ ಪೂರ್ತಿ ಓದಿ ಮುಗಿಸುವವರಿದ್ದಾರೆ
ನಮ್ಮ ಸಭೆಯಲ್ಲಿ. ಭಾನುವಾರ ನಾಲ್ಕಕ್ಕೆ ನಮ್ಮದು,
ಮರಾಠಿಯವರು ಎದ್ದುಹೋದ ಮೇಲೆ;
ಬೆಂಚು ಇನ್ನೂ ಬೆಚ್ಚಗಿರುತ್ತದೆ.

ಮೇ ತಿಂಗಳಲ್ಲಿ ನೋಟೀಸು ಅಂಟಿಸಿದರು:
ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟು ಬರಲಿದೆ.
ಗುಂಡಿಗೆ ಸ್ಟೂಲು ಬೇಡ.

ರಾಹೇಲ ಆ ರಾತ್ರಿಯಿಂದ ಪ್ರಾರ್ಥನೆ ಉದ್ದ ಮಾಡಿದಳು.
ಕುರ್ಲಾದ ಒಂದೇ ಕೋಣೆ, ಮೂಲೆಯಲ್ಲಿ ಮಗಳ ಪರೀಕ್ಷೆ,
ಗೋಡೆಯಾಚೆ ಯಾರದೋ ಟೀವಿ.
ಇವಳು ಕಣ್ಣು ಮುಚ್ಚಿ ದೇವರಿಗೆ
ಸೊಸೈಟಿ ಕಾರ್ಯದರ್ಶಿಯ ಹೆಸರು ಹೇಳುತ್ತಾಳೆ,
ಫೋನ್ ನಂಬರು ಸಮೇತ.
ನಾನು ಆಮೆನ್ ಅನ್ನುತ್ತೇನೆ.
ನನ್ನದು ಚಿಕ್ಕದು: ಕರ್ತನೇ, ನೀನೇ ನೋಡು.
ಕೆಲವು ದಿನ ಅದು ನಂಬಿಕೆ, ಕೆಲವು ದಿನ ಬರೀ ದಣಿವು.
ಯಾವತ್ತು ಯಾವುದೋ, ನನಗೂ ಗೊತ್ತಾಗುವುದಿಲ್ಲ.

ಜೂನ್ ಹನ್ನೊಂದರ ಸಂಜೆ
ಎಂದೂ ಹೋಗದ ಕರೆಂಟು ಹೋಯಿತು.
ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತೆವು,
ನಾನು ಮತ್ತು ಐದನೆಯ ಮಹಡಿಯ ಖೋರ್ಶೆದ್‌ಬಾಯಿ,
ಎಂಬತ್ತೆರಡು ವರ್ಷ, ಕೈಚೀಲದಲ್ಲಿ ಬ್ರೆಡ್ಡು, ಬೆಣ್ಣೆ.
ಎದುರಿಗೆ ಇಟ್ಟಿಗೆ ಗೋಡೆ. ದಿನಕ್ಕೆ ನೂರು ಸಲ ದಾಟಿದ್ದು,
ಒಮ್ಮೆಯೂ ನೋಡಿರಲಿಲ್ಲ.
ಆಕೆ ನನ್ನ ತೋಳು ಹಿಡಿದರು. ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು.
‘ಏನಾದರೂ ಓದು. ದಿನಾ ಓದುತ್ತೀಯಲ್ಲ.’
‘ಕನ್ನಡ, ಮಾಯಿ.’
‘ಓದು.’

ಫೋನಿನ ಬೆಳಕಿಗೆ ತೆರೆದದ್ದು ಒಂದು ವಂಶಾವಳಿ.
ಕುರುಬನಿಲ್ಲ, ಕೋಲಿಲ್ಲ, ತಣ್ಣನೆ ನೀರಿಲ್ಲ,
ಬರೀ ಹೆಸರು. ಇವನ ಮಗ ಅವನು,
ಅವನ ಮಗ ಮತ್ತೊಬ್ಬ.
ಹುಟ್ಟಿದರು, ಹೆಸರಿಟ್ಟರು, ಹೋದರು.
ಪುಟ ತಿರುವಲು ಕೈಯಿರಲಿಲ್ಲ:
ಒಂದರಲ್ಲಿ ಫೋನು, ಒಂದು ತೋಳಿಗೆ ಆಕೆ,
ಪುಸ್ತಕ ಮೊಣಕಾಲ ಮೇಲೆ.
ಅದನ್ನೇ ಓದಿದೆ. ಮುಗಿದ ಮೇಲೆ ಮತ್ತೆ ಮೊದಲಿಂದ,
ನಾಲಿಗೆ ತೊಡರಿದಲ್ಲಿ ನಿಧಾನವಾಗಿ.
ಮೂರನೆಯ ಸಲಕ್ಕೆ ಆಕೆಯ ಉಸಿರು
ಹೆಸರಿಂದ ಹೆಸರಿಗೆ ಕಾಲಿಡತೊಡಗಿತು,
ಕಲ್ಲಿಂದ ಕಲ್ಲಿಗೆ ಹಳ್ಳ ದಾಟುವವರ ಹಾಗೆ.
‘ಚೆನ್ನಾಗಿದೆ,’ ಎಂದರು. ‘ಸ್ತೋತ್ರವೇ?’
ಏನು ಹೇಳಲಿ? ಹೌದು ಎಂದೆ.
ಹೇಳಿದ ಮೇಲೆ ಅದು ಸುಳ್ಳೆನಿಸಲಿಲ್ಲ.

ನಲವತ್ತು ನಿಮಿಷಕ್ಕೆ ಮೆಕ್ಯಾನಿಕ್ ಗುರವ ಬಂದ,
ಮೇಲಿನ ಮುಚ್ಚಳ ಸರಿಸಿ ಟಾರ್ಚು ಬಿಟ್ಟ.
ಆಗ ಕಂಡೆ, ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ,
ನಾನು ತೂಗಾಡುತ್ತಿದ್ದ ಹಗ್ಗ.
ಕಪ್ಪಗೆ, ಗ್ರೀಸು ಮೆತ್ತಿಕೊಂಡು. ಎಣಿಸಿದೆ: ನಾಲ್ಕು.
ಅಂದುಕೊಂಡದ್ದಕ್ಕಿಂತ ತೆಳ್ಳಗಿದ್ದವು.
ತುಂಬಾ ಹೊತ್ತು ನೋಡಿದೆ.

ಈ ತಿಂಗಳಿಗೆ ಕೆಲಸ ಮುಗಿಯುತ್ತದೆ.
ರಾಹೇಲ ಇನ್ನೂ ಕೇಳುತ್ತಿದ್ದಾಳೆ, ಕಾರ್ಯದರ್ಶಿ ಬದಲಾಗಿದ್ದಾನೆ,
ಹೊಸ ನಂಬರು ಹೇಳಿಕೊಟ್ಟೆ.
ರಾತ್ರಿ ಗಾಡಿಯಲ್ಲಿ ಸೀಟು ಸಿಕ್ಕರೆ
ಆ ‘ಆದರೆ’ ಇರುವ ಪುಟ ಹುಡುಕುತ್ತೇನೆ.
ಮಸೀದಿ, ಸ್ಯಾಂಡ್‌ಹರ್ಸ್ಟ್ ರೋಡು, ಡಾಕ್‌ಯಾರ್ಡು.
ಇಲ್ಲಿ ಯಾರೂ ಗಂಟೆ ಹೊಡೆಯುವುದಿಲ್ಲ.
ಕುರ್ಲಾಕ್ಕೆ ಇನ್ನೂ ಏಳು ಸ್ಟೇಷನ್ನು.